60 ಸಾವಿರ ಐಯು ವಿಟಮಿನ್ ಡಿ3: ಸ್ಯಾಚೆಟ್, ಕ್ಯಾಪ್ಸೂಲ್, ಶಾಟ್, ಇಂಜೆಕ್ಷನ್. ಯಾರಿಗೆ ಉಪಯೋಗ, ಯಾರಿಗೆ ದುಡ್ಡು ದಂಡ?

ಮೆಡಿಕಲ್ ಶಾಪಿನಲ್ಲಿ "ವಾರಕ್ಕೊಂದು ತಗೊಳ್ಳೋ ಡಿ3 ಕೊಡಿ" ಅಂದರೆ ಸಾಕು, ಕ್ಯಾಲ್ಸಿರಾಲ್ ಸ್ಯಾಚೆಟ್ಟೋ, ಅಪ್‌ರೈಸ್ ಡಿ3 ಕ್ಯಾಪ್ಸೂಲೋ, ಅರಾಕಿಟಾಲ್ ನ್ಯಾನೋದ ಪುಟ್ಟ ಬಾಟಲಿಯೋ ಕೈಗೆ ಬರುತ್ತದೆ. ಹೆಸರು, ಬಣ್ಣ, ಬೆಲೆ ಬೇರೆ ಬೇರೆ ಇದ್ದರೂ ಒಳಗಿರುವುದು ಒಂದೇ: ಕೊಲೆಕ್ಯಾಲ್ಸಿಫೆರಾಲ್ (ವಿಟಮಿನ್ ಡಿ3ಯ ರಾಸಾಯನಿಕ ಹೆಸರು) 60,000 ಐಯು, ಅಂದರೆ ವಿಟಮಿನ್ ಅಳೆಯುವ ಅಂತಾರಾಷ್ಟ್ರೀಯ ಯೂನಿಟ್. ತೂಕದಲ್ಲಿ ಅದು ಬರೀ ಒಂದೂವರೆ ಮಿಲಿಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ನಿಗದಿ ಮಾಡಿದ್ದು ದಿನಕ್ಕೆ 600 ಐಯು. ಅಂದರೆ ಒಂದು ಸ್ಯಾಚೆಟ್‌ನಲ್ಲಿ ನೂರು ದಿನದ ಪಾಲು ಇದೆ. ಇಷ್ಟು ಗಟ್ಟಿಯಾದ ಪದಾರ್ಥವನ್ನು "ಶಕ್ತಿಗೆ ಒಳ್ಳೇದು" ಎಂದು ತಿಂಗಳುಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಕೊರತೆ ಇದ್ದವರಿಗೆ ಇದು ತುಂಬ ಒಳ್ಳೆಯ ಔಷಧ, ಅಗ್ಗದ ಔಷಧವೂ ಹೌದು. ಕೊರತೆ ಇಲ್ಲದವರ ಸಾಮಾನ್ಯ ಆರೋಗ್ಯಕ್ಕೆ ಇದರಿಂದ ಏನಾದರೂ ಸಿಗುತ್ತದೆಯೇ ಎಂದು ಕೇಳಿದರೆ, ದೊಡ್ಡ ದೊಡ್ಡ ಪ್ರಯೋಗಗಳು ಕೊಟ್ಟ ಉತ್ತರ ಬಹುತೇಕ "ಇಲ್ಲ".

ಮೊದಲು ಕೆಲಸ ಮಾಡುವ ಜಾಗವನ್ನೇ ನೋಡೋಣ. ಕರುಳಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ಅದು ತೀರಾ ಕಡಿಮೆಯಾದರೆ ರಕ್ತದ ಕ್ಯಾಲ್ಸಿಯಂ ಕುಸಿಯದಂತೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದು ತರುತ್ತದೆ. ಮಕ್ಕಳಲ್ಲಿ ಇದು ರಿಕೆಟ್ಸ್: ಕಾಲು ಬಿಲ್ಲಿನಂತೆ ಬಾಗುತ್ತದೆ, ಮಣಿಕಟ್ಟು ದಪ್ಪವಾಗುತ್ತದೆ. ದೊಡ್ಡವರಲ್ಲಿ ಆಸ್ಟಿಯೋಮಲೇಶಿಯ, ಮೂಳೆ ಮೆತ್ತಗಾಗುವ ಕಾಯಿಲೆ. ಅದರ ಲಕ್ಷಣ ಬರೀ "ಮೈಕೈ ನೋವು" ಅಲ್ಲ, ಸ್ವಲ್ಪ ಗಮನಿಸಿದರೆ ಕಾಣುತ್ತದೆ. ನೆಲದ ಮೇಲೆ ಕೂತವರು ಕೈ ಊರದೆ ಏಳಲಾಗುವುದಿಲ್ಲ. ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ, ನಡೆಯುವಾಗ ಸೊಂಟ ಅತ್ತಿತ್ತ ವಾಲುತ್ತದೆ. ಮೊಣಕಾಲಿನಿಂದ ಕೆಳಗೆ ಕಾಲಿನ ಮುಂಭಾಗದ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೋವು. ರಕ್ತದಲ್ಲಿ ಅಲ್ಕಲೈನ್ ಫಾಸ್ಫಟೇಸ್ ಏರಿರುತ್ತದೆ, ಫಾಸ್ಫರಸ್ ಇಳಿದಿರುತ್ತದೆ. ಇಂಥವರಿಗೆ ಸರಿಯಾದ ಪ್ರಮಾಣದಲ್ಲಿ ಡಿ3 ಮತ್ತು ಕ್ಯಾಲ್ಸಿಯಂ ಕೊಟ್ಟರೆ ಕೆಲವೇ ತಿಂಗಳಲ್ಲಿ ಎದ್ದು ಓಡಾಡುತ್ತಾರೆ. ಈ ಒಂದು ಕಾರಣಕ್ಕೇ ಈ ಸ್ಯಾಚೆಟ್ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಸಿಗಬೇಕು.

ಮನೆಯಿಂದ ಹೊರಗೆ ಬರದ ವಯಸ್ಸಾದವರು, ಮೈ ಪೂರ್ತಿ ಮುಚ್ಚುವ ಉಡುಪು ಧರಿಸುವವರು, ಫಿಟ್ಸ್‌ಗೆ ಫೆನಿಟಾಯಿನ್, ಫೀನೋಬಾರ್ಬಿಟಾಲ್ ಅಥವಾ ಕಾರ್ಬಮಜೆಪಿನ್ ನುಂಗುವವರು, ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುವವರು, ಬಹುಕಾಲ ಸ್ಟೆರಾಯ್ಡ್ ಮೇಲಿರುವವರು, ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡವರು, ಕರುಳಿನ ಕಾಯಿಲೆ ಇರುವವರು: ಕೊರತೆಯ ಅಪಾಯ ಇವರಿಗೆ ಹೆಚ್ಚು. ತೂಕ ಹೆಚ್ಚಿರುವವರಿಗೆ ಅದೇ ಮಟ್ಟ ಮುಟ್ಟಲು ಎರಡು ಮೂರು ಪಟ್ಟು ಪ್ರಮಾಣ ಬೇಕಾಗಬಹುದು. ಈ ವಿಟಮಿನ್ ಕೊಬ್ಬಿನಲ್ಲಿ ಹೋಗಿ ಕೂರುತ್ತದೆ, ರಕ್ತಕ್ಕೆ ಸಿಗುವುದು ಕಡಿಮೆ.

"ಸಾಮಾನ್ಯ ಆರೋಗ್ಯಕ್ಕೆ" ಎಂಬ ಮಾತಿನ ಪರೀಕ್ಷೆ

ಹೃದಯಾಘಾತ, ಕ್ಯಾನ್ಸರ್, ಸಕ್ಕರೆ ಕಾಯಿಲೆ ಬಂದವರ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇರುವುದು ನೂರಾರು ಅಧ್ಯಯನಗಳಲ್ಲಿ ಕಂಡಿತ್ತು. ಆದರೆ ಕಾಯಿಲೆಯವರು ಬಿಸಿಲಿಗೆ ಹೋಗುವುದೂ ಕಡಿಮೆ, ಓಡಾಡುವುದೂ ಕಡಿಮೆ, ಅವರ ತೂಕವೂ ಅನೇಕ ಸಲ ಹೆಚ್ಚು. ಕಾಯಿಲೆಯಿಂದ ಡಿ ಇಳಿಯಿತೋ, ಡಿ ಇಳಿದು ಕಾಯಿಲೆ ಬಂತೋ ತಿಳಿಯಲು ಒಂದೇ ದಾರಿ: ಅರ್ಧ ಜನಕ್ಕೆ ಡಿ3, ಇನ್ನರ್ಧಕ್ಕೆ ಖಾಲಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾಯುವುದು.

ಅದನ್ನೇ ಮಾಡಿದರು. ಅಮೆರಿಕದ ವೈಟಲ್ ಪ್ರಯೋಗದಲ್ಲಿ 50 ದಾಟಿದ ಗಂಡಸರು, 55 ದಾಟಿದ ಹೆಂಗಸರು ಸೇರಿ 25,871 ಜನ ಇದ್ದರು. ಪ್ರಮಾಣ ದಿನಕ್ಕೆ 2,000 ಐಯು, ಅವಧಿ ಐದು ವರ್ಷಕ್ಕೂ ಮಿಗಿಲು. ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ, ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. 2022ರಲ್ಲಿ ಅದೇ ಗುಂಪಿನ ಮೂಳೆ ಮುರಿತದ ಲೆಕ್ಕ ಬಂತು, ಅಲ್ಲೂ ವ್ಯತ್ಯಾಸವಿಲ್ಲ. ಆಸ್ಟ್ರೇಲಿಯಾದ ಡಿ-ಹೆಲ್ತ್ ಪ್ರಯೋಗ ನಮಗೆ ಇನ್ನೂ ಹತ್ತಿರ: 60 ದಾಟಿದ 21,315 ಜನಕ್ಕೆ ಐದು ವರ್ಷ ತಿಂಗಳಿಗೊಂದು 60,000 ಐಯು, ಅಂದರೆ ನಮ್ಮ ಸ್ಯಾಚೆಟ್‌ನಷ್ಟೇ. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಬರಲಿಲ್ಲ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 2,423 ಜನಕ್ಕೆ ದಿನಾ 4,000 ಐಯು ಕೊಟ್ಟ ಡಿ2ಡಿ ಪ್ರಯೋಗದಲ್ಲಿ (2019) ಸ್ವಲ್ಪ ಅನುಕೂಲವಾದಂತೆ ಕಂಡರೂ, ಅದು ಕಾಕತಾಳೀಯವಲ್ಲ ಎನ್ನುವಷ್ಟು ಗಟ್ಟಿಯಿರಲಿಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. ವೈಟಲ್‌ನಲ್ಲಿ ಸೇರಿದವರ ಸರಾಸರಿ ಮಟ್ಟ ಶುರುವಿನಲ್ಲೇ 30ರ (ಒಂದು ಮಿಲಿ ರಕ್ತಕ್ಕೆ ಇಷ್ಟು ನ್ಯಾನೋಗ್ರಾಂ ಎಂಬ ಲೆಕ್ಕ) ಆಸುಪಾಸಿನಲ್ಲಿತ್ತು. ತುಂಬಿದ ಕೊಡಕ್ಕೆ ನೀರು ಹಾಕಿ "ನೀರಿನಿಂದ ಪ್ರಯೋಜನವಿಲ್ಲ" ಅನ್ನಬಹುದೇ? ನಮ್ಮಂಥ ಕೊರತೆಯ ದೇಶದ ಕಥೆ ಬೇರೆಯಿರಬಹುದಲ್ಲ? ಇದಕ್ಕೆ ಮಂಗೋಲಿಯಾದಲ್ಲಿ ಒಂದು ಉತ್ತರ ಸಿಕ್ಕಿದೆ. ಅಲ್ಲಿ 8,851 ಶಾಲಾ ಮಕ್ಕಳಿಗೆ ಮೂರು ವರ್ಷ ವಾರಕ್ಕೊಮ್ಮೆ 14,000 ಐಯು ಅಥವಾ ಖಾಲಿ ಕ್ಯಾಪ್ಸೂಲ್ ಕೊಟ್ಟರು. ಹೆಚ್ಚುಕಡಿಮೆ ಎಲ್ಲ ಮಕ್ಕಳ ಮಟ್ಟವೂ 20ಕ್ಕಿಂತ ಕೆಳಗಿತ್ತು. ಡಿ3 ಕೊಟ್ಟವರ ರಕ್ತದ ಮಟ್ಟ ಚೆನ್ನಾಗಿ ಏರಿತು, ಟಿಬಿ ಸೋಂಕು ಮಾತ್ರ ಕಡಿಮೆಯಾಗಲಿಲ್ಲ. ಕೋವಿಡ್ ಕಾಲದಲ್ಲಿ ಬ್ರಿಟನ್ನಿನಲ್ಲಿ ರಕ್ತ ಪರೀಕ್ಷೆ ಮಾಡಿ, ಕಡಿಮೆ ಇದ್ದವರಿಗೆ ಡಿ3 ಕೊಟ್ಟ ಪ್ರಯೋಗದಲ್ಲೂ ಉಸಿರಾಟದ ಸೋಂಕು ತಗ್ಗಲಿಲ್ಲ. "ಇಮ್ಯೂನಿಟಿಗೆ" ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ ಡಬ್ಬ ಕೊಳ್ಳುವ ಮೊದಲು ಈ ಎರಡನ್ನೂ ನೆನಪಿಡಬೇಕು.

ಲಾಭದ ಸುಳಿವೇ ಇಲ್ಲವೆಂದಲ್ಲ. ವೈಟಲ್‌ನಲ್ಲಿ ರುಮಟಾಯ್ಡ್ ಸಂಧಿವಾತದಂಥ ಆಟೋಇಮ್ಯೂನ್ ಕಾಯಿಲೆಗಳು (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವಂಥವು) ಶೇ. 22 ಕಡಿಮೆ ಕಂಡವು. ಶೇಕಡಾವಾರು ದೊಡ್ಡದು, ಎಣಿಕೆ ಸಣ್ಣದು: ಖಾಲಿ ಮಾತ್ರೆಯವರಲ್ಲಿ 155, ಡಿ3ಯವರಲ್ಲಿ 123, ಎರಡೂ ಕಡೆ ಸುಮಾರು 13 ಸಾವಿರ ಜನರಲ್ಲಿ. ಇದಕ್ಕಾಗಿ ಊರಿಗೆಲ್ಲ ಮಾತ್ರೆ ಹಂಚುವಂತಿಲ್ಲ.

2024ರಲ್ಲಿ ಅಮೆರಿಕದ ಎಂಡೋಕ್ರೈನ್ ಸೊಸೈಟಿ, ಅಂದರೆ ಹಾರ್ಮೋನ್ ತಜ್ಞರ ಸಂಘ, ತನ್ನ ಹಳೆಯ ಮಾರ್ಗಸೂಚಿಯನ್ನು ತಿದ್ದಿತು. 75 ವರ್ಷದೊಳಗಿನ ಆರೋಗ್ಯವಂತ ವಯಸ್ಕರು ದಿನದ ನಿಗದಿತ ಪ್ರಮಾಣಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಬೇಡ, ಅವರಿಗೆ ಸುಮ್ಮನೆ ರಕ್ತ ಪರೀಕ್ಷೆಯೂ ಬೇಡ ಎಂದಿತು. ಮಕ್ಕಳು, ಗರ್ಭಿಣಿಯರು, 75 ದಾಟಿದವರು, ಸಕ್ಕರೆ ಕಾಯಿಲೆಯ ಅಂಚಿನಲ್ಲಿ ಹೆಚ್ಚು ಅಪಾಯದಲ್ಲಿರುವವರು, ಈ ನಾಲ್ಕು ಗುಂಪಿಗೆ ಮಾತ್ರ ಪರೀಕ್ಷೆ ಇಲ್ಲದೆಯೂ ಕೊಡಬಹುದು ಎಂದಿತು.

ರಿಪೋರ್ಟ್ ಓದುವ ಮುಂಚೆ

ಲ್ಯಾಬ್ ಪ್ಯಾಕೇಜ್‌ಗಳಲ್ಲಿ ಸೇರಿಕೊಂಡಿರುವ 25-ಹೈಡ್ರಾಕ್ಸಿ ವಿಟಮಿನ್ ಡಿ (ರಕ್ತದ ವಿಟಮಿನ್ ಡಿ ಮಟ್ಟ ಅಳೆಯುವ) ಪರೀಕ್ಷೆಯೇ ಅರ್ಧ ಗಾಬರಿಯ ಮೂಲ. ರಿಪೋರ್ಟಿನಲ್ಲಿ 30ಕ್ಕಿಂತ ಕೆಳಗಿದ್ದರೆ ದಪ್ಪಕ್ಷರದಲ್ಲಿ "ಕಡಿಮೆ" ಎಂದು ಬರುತ್ತದೆ. ಆ 30 ಎಂಬುದು 2011ರಲ್ಲಿ ಇದೇ ಎಂಡೋಕ್ರೈನ್ ಸೊಸೈಟಿ ಹಾಕಿದ ಗೆರೆ, 2024ರಲ್ಲಿ ಅವರೇ ಅದನ್ನು ಕೈಬಿಟ್ಟಿದ್ದಾರೆ. ಮೂಳೆಯ ಆರೋಗ್ಯಕ್ಕೆ ಬಹುತೇಕ ಎಲ್ಲರಿಗೂ 20 ನ್ಯಾನೋಗ್ರಾಂ ಸಾಕು ಎಂಬುದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರಲ್ಲಿ ಕೊಟ್ಟ ಲೆಕ್ಕ. ಹಾಗಾಗಿ 24 ಬಂದರೆ ಕಾಯಿಲೆಯಲ್ಲ. 12ಕ್ಕಿಂತ ಕೆಳಗೆ ಬಂದರೆ ಚಿಕಿತ್ಸೆ ತಪ್ಪಿಸಬೇಡಿ. 12ರಿಂದ 20ರ ನಡುವೆ ಇದ್ದರೆ, ಮೇಲೆ ಹೇಳಿದ ಅಪಾಯಗಳಲ್ಲಿ ಯಾವುದಾದರೂ ನಿಮಗಿದೆಯೇ ಎಂದು ವೈದ್ಯರ ಜೊತೆ ಕೂತು ನಿರ್ಧರಿಸಿ.

ಯೂನಿಟ್ ನೋಡಲು ಮರೆಯಬೇಡಿ. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ರಿಪೋರ್ಟ್ ನ್ಯಾನೋಮೋಲ್‌ನಲ್ಲಿ ಬರುತ್ತದೆ. ಅದನ್ನು ಎರಡೂವರೆಯಿಂದ ಭಾಗಿಸಿದರೆ ನಮ್ಮ ನ್ಯಾನೋಗ್ರಾಂ. ಅಲ್ಲಿನ 50, ಇಲ್ಲಿನ 20. ಇನ್ನೊಂದು ಎಡವಟ್ಟು ಬಯೋಟಿನ್. ಕೂದಲು ಉದುರುತ್ತದೆಂದು 5 ಅಥವಾ 10 ಮಿಲಿಗ್ರಾಂ ಬಯೋಟಿನ್ ನುಂಗುತ್ತಿದ್ದರೆ ಕೆಲವು ಯಂತ್ರಗಳಲ್ಲಿ ವಿಟಮಿನ್ ಡಿ ಸುಳ್ಳಾಗಿ ಹೆಚ್ಚು ತೋರುತ್ತದೆ. ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ಅದನ್ನು ನಿಲ್ಲಿಸಬೇಕು. ಸುಸ್ತಿಗೆ ಕಾರಣ ಹುಡುಕುತ್ತಿದ್ದರೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್, ಬಿ12, ಸಕ್ಕರೆ ನೋಡಿಸಿ. ಸುಸ್ತಿನ ಮೂಲ ಹೆಚ್ಚಾಗಿ ಸಿಗುವುದು ಅಲ್ಲಿ.

ಯಾವ ರೂಪದ್ದು ಕೊಳ್ಳಬೇಕು

ಸ್ಯಾಚೆಟ್: ಒಂದು ಗ್ರಾಂ ಹರಳುಪುಡಿ. ಬೆಚ್ಚಗಿನ ಹಾಲಿನಲ್ಲಿ ಕಲಸಿ ಕುಡಿಯಬೇಕು, ಕುದಿಯುವ ಹಾಲಿಗೆ ಹಾಕಬೇಡಿ. ಲೋಟದ ತಳಕ್ಕೆ, ಅಂಚಿಗೆ ಪುಡಿ ಉಳಿದುಬಿಡುತ್ತದೆ. ಮತ್ತೆರಡು ಗುಟುಕು ಹಾಲು ಹಾಕಿ ಅಲುಗಾಡಿಸಿ ಅದನ್ನೂ ಕುಡಿದರೆ ಮಾತ್ರ ಪೂರ್ತಿ ಪ್ರಮಾಣ ಒಳಗೆ ಹೋದಂತೆ. ಮಾತ್ರೆ ನುಂಗಲಾರದ ಅಜ್ಜ ಅಜ್ಜಿಯರಿಗೆ ಇದೇ ಸೂಕ್ತ.

ಕ್ಯಾಪ್ಸೂಲ್: ಎಣ್ಣೆಯಲ್ಲಿ ಕರಗಿಸಿದ ಡಿ3, ಮೆದುವಾದ ಹೊದಿಕೆ. ಬಳಸಲು ಸುಲಭ, ಪ್ರಮಾಣ ನಿಖರ. ಹೊದಿಕೆ ಸಾಮಾನ್ಯವಾಗಿ ಜೆಲಾಟಿನ್, ಅಂದರೆ ಪ್ರಾಣಿಜನ್ಯ. ಡಿ3ಯನ್ನೂ ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಪೂರ್ತಿ ಸಸ್ಯಮೂಲವೇ ಬೇಕೆನ್ನುವವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಇದೆ, ಬೆಲೆ ಹೆಚ್ಚು. ಲೇಬಲ್ ಮೇಲೆ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ನಂಬಿ.

ನ್ಯಾನೋ ಶಾಟ್: ಐದು ಮಿಲಿ ಬಾಟಲಿ, ಒಂದೇ ಸಲಕ್ಕೆ ಕುಡಿದು ಮುಗಿಸುವಂಥದ್ದು. ಜೀರ್ಣಶಕ್ತಿ ಸರಿ ಇರುವವರು ಊಟದ ಜೊತೆ ಸಾದಾ ಕ್ಯಾಪ್ಸೂಲ್ ತೆಗೆದುಕೊಂಡರೂ ಮಟ್ಟ ಏರುತ್ತದೆ. "ನ್ಯಾನೋ"ಗೆ ಹೆಚ್ಚು ಹಣ ಕೊಡುವ ಅಗತ್ಯ ಅವರಿಗಿಲ್ಲ. ಪಿತ್ತರಸದ ತೊಂದರೆ, ಕರುಳಿನ ಕಾಯಿಲೆ ಇದ್ದರೆ ಮಾತು ಬೇರೆ.

ದಿನಕ್ಕೊಂದು 1,000 ಅಥವಾ 2,000 ಐಯು ಮಾತ್ರೆ: ನಮ್ಮ ಒಲವು ಇದರ ಕಡೆಗೆ. ಒಂದು ದಿನ ಮರೆತರೂ ನಷ್ಟವಿಲ್ಲ, ತಪ್ಪಿ ಎರಡು ನುಂಗಿದರೂ ಅಪಾಯವಿಲ್ಲ. 50 ದಾಟಿದವರಿಗೆ ಡಿ ಕೊಡಬೇಕಾಗಿ ಬಂದರೆ ಒಮ್ಮೆಗೇ ದೊಡ್ಡ ಪ್ರಮಾಣಕ್ಕಿಂತ ದಿನನಿತ್ಯದ ಸಣ್ಣ ಪ್ರಮಾಣವೇ ಲೇಸು ಎಂದು 2024ರ ಮಾರ್ಗಸೂಚಿಯೂ ಹೇಳುತ್ತದೆ. ದಿನಾ 1,000 ಐಯು ತೆಗೆದುಕೊಂಡರೆ ಮೂರು ತಿಂಗಳಲ್ಲಿ ಮಟ್ಟ ಸುಮಾರು 7ರಿಂದ 10 ಅಂಕ ಏರುತ್ತದೆ.

ಕ್ಯಾಲ್ಸಿಯಂ ಜೊತೆಗಿನ ಮಾತ್ರೆ: ಶೆಲ್‌ಕಾಲ್ 500ರಂಥವು. ಇದರಲ್ಲಿ ಕ್ಯಾಲ್ಸಿಯಂ 500 ಮಿಲಿಗ್ರಾಂ, ಡಿ3 ಬರೀ 250 ಐಯು. ಕೊರತೆ ತುಂಬಲು ಈ ಡಿ3 ಸಾಲದು. ಕ್ಯಾಲ್ಸಿಯಂ ಕಾರ್ಬೊನೇಟನ್ನು ಊಟದ ಜೊತೆಗೇ ನುಂಗಬೇಕು, ಹೊಟ್ಟೆಯ ಆಮ್ಲವಿಲ್ಲದೆ ಅದು ಸರಿಯಾಗಿ ಕರಗದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಲೇಬೇಕು, ಇಲ್ಲದಿದ್ದರೆ ಥೈರಾಕ್ಸಿನ್ ಒಳಗೆ ಹೋಗುವುದಿಲ್ಲ, ಟಿಎಸ್‌ಎಚ್ ಏರುತ್ತದೆ. ರಾಗಿ ಉಣ್ಣುವ ಮನೆಗಳಲ್ಲಿ ನೂರು ಗ್ರಾಂ ಹಿಟ್ಟಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಹೇಗೂ ಸಿಗುತ್ತದೆ. ಅದರಲ್ಲಿರುವ ಫೈಟೇಟ್ ಸ್ವಲ್ಪ ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ ನಿಜ. ಹಾಲು ಮೊಸರೂ ಜೊತೆಗಿದ್ದರೆ ಎಲ್ಲರಿಗೂ ಕ್ಯಾಲ್ಸಿಯಂ ಮಾತ್ರೆ ಬೇಕಾಗಿಲ್ಲ.

ಗಮ್ಮಿ: ಸಕ್ಕರೆ, ಬಣ್ಣ, ದುಬಾರಿ ಬೆಲೆ. ಮಕ್ಕಳು ಮಿಠಾಯಿಯೆಂದು ಡಬ್ಬ ಖಾಲಿ ಮಾಡುವ ಭಯ ಬೇರೆ. ಬೇಡ.

ಆರು ಲಕ್ಷ ಐಯು ಇಂಜೆಕ್ಷನ್: ಒಂದು ಸೂಜಿಯಲ್ಲಿ ಹತ್ತು ಸ್ಯಾಚೆಟ್. ಬಾಯಿಯಿಂದ ಕೊಟ್ಟದ್ದು ಹೀರಿಕೊಳ್ಳದವರಿಗೆ, ಅದೂ ತಜ್ಞರ ನಿಗಾದಲ್ಲಿ ಮಾತ್ರ. ಮೊಣಕಾಲು ನೋವಿಗೆಂದು ತಿಂಗಳು ತಿಂಗಳು ಚುಚ್ಚಿಸಿಕೊಂಡು ಕಿಡ್ನಿ ಹಾಳುಮಾಡಿಕೊಂಡವರ ವರದಿಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ಸಾಕಷ್ಟಿವೆ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಮಹಿಳೆಯರ ಮೇಲೆ ವರ್ಷಕ್ಕೊಮ್ಮೆ ಐದು ಲಕ್ಷ ಐಯು ಪ್ರಯೋಗಿಸಿದಾಗ (2010) ಬೀಳುವುದೂ ಹೆಚ್ಚಾಯಿತು, ಮೂಳೆ ಮುರಿತವೂ ಹೆಚ್ಚಾಯಿತು. ಮೂಳೆ ಉಳಿಸಲು ಕೊಟ್ಟದ್ದೇ ಮೂಳೆ ಮುರಿಯಿತು.

ಕೊಳ್ಳುವಾಗ ಒಂದು ಮಾತು. ಔಷಧವಾಗಿ ತಯಾರಾದದ್ದಕ್ಕೆ ಔಷಧ ತಯಾರಿಕಾ ಲೈಸೆನ್ಸ್ ನಂಬರ್ ಇರುತ್ತದೆ. ಆಹಾರ ಪೂರಕವಾಗಿ ಬಂದದ್ದರ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ನಂಬರ್, "ಔಷಧೀಯ ಬಳಕೆಗಲ್ಲ" ಎಂಬ ಅರ್ಥದ ಸಾಲು ಇರುತ್ತದೆ. ಕೊರತೆಯ ಚಿಕಿತ್ಸೆಗೆ ಮೊದಲನೆಯದನ್ನೇ ಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಸಿಗುವ 60,000 ಐಯುವಿಗೂ ಬ್ರ್ಯಾಂಡಿನದಕ್ಕೂ ಒಳಗಿನ ಪದಾರ್ಥದಲ್ಲಿ ಭೇದವಿಲ್ಲ, ಬೆಲೆಯಲ್ಲಿ ಬಹಳ ಇದೆ.

ತೆಗೆದುಕೊಳ್ಳುವ ಕ್ರಮ, ತಪ್ಪುವ ಜಾಗ

ಕೊರತೆ ಖಚಿತವಾದ ವಯಸ್ಕರಿಗೆ ರೂಢಿಯಲ್ಲಿರುವ ಕೋರ್ಸ್: ವಾರಕ್ಕೊಂದರಂತೆ 60,000 ಐಯು, ಎಂಟು ವಾರ. ಆಮೇಲೆ ನಿಲ್ಲಿಸಿ ದಿನಕ್ಕೆ 1,000ದಿಂದ 2,000 ಐಯು, ಇಲ್ಲವೇ ತಿಂಗಳಿಗೊಂದು ಸ್ಯಾಚೆಟ್. ಖಾಲಿ ಹೊಟ್ಟೆಗೆ ಬೇಡ. ಎಣ್ಣೆ, ತುಪ್ಪ, ಕಾಯಿ ಇರುವ ಮಧ್ಯಾಹ್ನದ ಊಟದ ನಂತರ ತೆಗೆದುಕೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಭಾನುವಾರವೋ ಸೋಮವಾರವೋ ಒಂದು ದಿನ ಗೊತ್ತು ಮಾಡಿಕೊಂಡು, ಎಂಟು ತಾರೀಕುಗಳನ್ನೂ ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ, ಕೊನೆಯ ತಾರೀಕಿನ ಮುಂದೆ "ನಿಲ್ಲಿಸು" ಎಂದು ಬರೆದಿಡಿ.

ಏಕೆಂದರೆ ತಪ್ಪುವುದು ಅಲ್ಲೇ. ಚೀಟಿಯಲ್ಲಿ "ವಾರಕ್ಕೆ ಒಂದು" ಎಂದಿದ್ದರೂ ಉಳಿದ ಮಾತ್ರೆಗಳ ಜೊತೆ ದಿನಾ ನುಂಗುವವರಿದ್ದಾರೆ. ಆಗ ವಾರಕ್ಕೆ 4,20,000 ಐಯು ಆಯಿತು. ಎರಡನೆಯದು, ಎಂಟು ವಾರ ಮುಗಿದರೂ ಹಳೆಯ ಚೀಟಿ ತೋರಿಸಿ ಅದನ್ನೇ ತರುತ್ತಾ ಹೋಗುವುದು. ಮೂರನೆಯದು, ಮೂಳೆ ಡಾಕ್ಟರು ಒಂದು, ಸ್ತ್ರೀರೋಗ ತಜ್ಞರು ಒಂದು, ಹೀಗೆ ಎರಡು ಹೆಸರಿನಲ್ಲಿ ಒಂದೇ ಔಷಧ ಮನೆಗೆ ಬರುವುದು. ಹೊಸ ಮಾತ್ರೆ ಬಂದಾಗ ಬ್ರ್ಯಾಂಡ್ ಹೆಸರಿನ ಕೆಳಗಿನ ಸಣ್ಣಕ್ಷರದಲ್ಲಿ ಕೊಲೆಕ್ಯಾಲ್ಸಿಫೆರಾಲ್ ಇದೆಯೇ ನೋಡಿ. ಅಲ್ಲಿ ಕ್ಯಾಲ್ಸಿಟ್ರಯಾಲ್ ಎಂದಿದ್ದರೆ ಅದು ಬೇರೆಯೇ ವಸ್ತು. ಕಿಡ್ನಿ ಕಾಯಿಲೆಯವರಿಗೆ 0.25 ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುವ, ಕೂಡಲೇ ಕೆಲಸ ಶುರುಮಾಡುವ ಸಿದ್ಧ ಹಾರ್ಮೋನ್. ಒಂದರ ಬದಲು ಇನ್ನೊಂದನ್ನು ತೆಗೆದುಕೊಳ್ಳುವಂತಿಲ್ಲ.

ಬಿಪಿಗೆ ಕ್ಲೋರ್‌ಥಾಲಿಡೋನ್ ಅಥವಾ ಹೈಡ್ರೋಕ್ಲೋರೋಥಯಾಜೈಡ್ ಇರುವ ಮಾತ್ರೆ, ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರು, ಕಿಡ್ನಿಯಲ್ಲಿ ಕಲ್ಲಾದವರು, ಸಾರ್ಕಾಯ್ಡೋಸಿಸ್ ಇರುವವರು ವೈದ್ಯರನ್ನು ಕೇಳದೆ ಶುರುಮಾಡಬಾರದು. ಇವರಲ್ಲಿ ಕ್ಯಾಲ್ಸಿಯಂ ಏರಿದರೆ ತೊಂದರೆ ದೊಡ್ಡದು.

ಹಸುಗೂಸುಗಳಿಗೆ ದಿನಕ್ಕೆ 400 ಐಯು ಹನಿ ಕೊಡುವುದು ನಿಜಕ್ಕೂ ಅಗತ್ಯ, ಏಕೆಂದರೆ ತಾಯಿಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಆದರೆ ಒಂದು ಮಿಲಿಗೆ 400 ಐಯು ಇರುವ ಬಾಟಲಿಯೂ ಇದೆ, 800 ಇರುವುದೂ ಇದೆ. ಮೊದಲನೆಯದರಲ್ಲಿ ಒಂದು ಮಿಲಿ, ಎರಡನೆಯದರಲ್ಲಿ ಅರ್ಧ. ಅಂಗಡಿಯವರು ಬೇರೆ ಬ್ರ್ಯಾಂಡ್ ಕೊಟ್ಟರೆ ಹಳೆಯ ಡ್ರಾಪರ್ ಬಳಸಬೇಡಿ, ಆ ಬಾಟಲಿಯ ಜೊತೆ ಬಂದದ್ದನ್ನೇ ಬಳಸಿ.

ಬಿಸಿಲು, ಹಾಲು

ಬೆಳಗ್ಗೆ ಏಳರ ಎಳೆ ಬಿಸಿಲು ಹಿತವಾಗಿರುತ್ತದೆ, ಆದರೆ ಅದರಲ್ಲಿ ವಿಟಮಿನ್ ಡಿ ಮಾಡುವ ಯುವಿಬಿ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾದಾಗ ಅದು ಸಿಗುತ್ತದೆ. ತಿರುಪತಿಯಲ್ಲಿ ನಡೆದ ಅಧ್ಯಯನದಲ್ಲಿ ಬೆಳಗ್ಗೆ 11ರಿಂದ ಮಧ್ಯಾಹ್ನ 2ರ ನಡುವಿನ ಹೊತ್ತೇ ಉತ್ತಮ ಎಂದು ಕಂಡಿತು. ಬೆಂಗಳೂರೂ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿದೆ. ಕಾರಿನ, ಆಫೀಸಿನ ಗಾಜಿನ ಒಳಗೆ ಕೂತರೆ ಬಿಸಿಲು ಬಿದ್ದರೂ ಯುವಿಬಿ ಬರುವುದಿಲ್ಲ. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗೆ ಬಿಸಿಲಿನಿಂದ ಇದು ಸಿಗುವುದಿಲ್ಲ. ಅಲ್ಲಿನ ಸರ್ಕಾರ ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಐಯು ತೆಗೆದುಕೊಳ್ಳಲು ಎಲ್ಲರಿಗೂ ಹೇಳುತ್ತದೆ, ಕಪ್ಪು ಕಂದು ಮೈಬಣ್ಣದವರು ವರ್ಷವಿಡೀ ಯೋಚಿಸಬೇಕೆನ್ನುತ್ತದೆ. ಆ ಸಲಹೆಯನ್ನು ಪಾಲಿಸುವುದು ಒಳ್ಳೆಯದು.

ನೀಲಿ "+ಎಫ್" ಗುರುತಿನ ಹಾಲಿಗೆ ವಿಟಮಿನ್ ಡಿ ಸೇರಿಸಿರುತ್ತಾರೆ: ಲೀಟರಿಗೆ 200ರಿಂದ 300 ಐಯು. 200 ಮಿಲಿ ಲೋಟಕ್ಕೆ 40ರಿಂದ 60 ಬಂತು. ಕೊರತೆ ನೀಗಿಸಲು ಸಾಲದು, ದಿನದ ಲೆಕ್ಕಕ್ಕೆ ಸ್ವಲ್ಪ ಕೂಡುತ್ತದೆ.

ಹೆಚ್ಚಾದರೆ

ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ವಯಸ್ಸಾದವರಲ್ಲಿ ಗೊಂದಲದ ಮಾತು: ಡಿ3 ತೆಗೆದುಕೊಳ್ಳುತ್ತಿರುವವರಲ್ಲಿ ಇವು ಕಂಡರೆ ಡಿ3 ಮತ್ತು ಕ್ಯಾಲ್ಸಿಯಂ ಎರಡನ್ನೂ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮೊದಲು ನೋಡಬೇಕಾದದ್ದು ರಕ್ತದ ಕ್ಯಾಲ್ಸಿಯಂ ಮತ್ತು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಆಮೇಲೆ ವಿಟಮಿನ್ ಡಿ ಮಟ್ಟ. ವಿಷವಾಗುವುದು ಸಾಮಾನ್ಯವಾಗಿ 150 ನ್ಯಾನೋಗ್ರಾಂ ದಾಟಿದ ಮೇಲೆ. ಕೊಬ್ಬಿನಲ್ಲಿ ಕೂತದ್ದು ನಿಧಾನವಾಗಿ ಹೊರಬರುವುದರಿಂದ, ನಿಲ್ಲಿಸಿದ ಮೇಲೂ ಕ್ಯಾಲ್ಸಿಯಂ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಏರಿಯೇ ಇರಬಹುದು. ಡ್ರಿಪ್ ಹಾಕಿಸಿಕೊಂಡು ಎರಡು ದಿನದಲ್ಲಿ ಹುಷಾರಾದಂತೆ ಕಂಡರೂ ಮರುಪರೀಕ್ಷೆ ತಪ್ಪಿಸಬಾರದು. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಖಾಲಿ ಸ್ಟ್ರಿಪ್, ಸ್ಯಾಚೆಟ್, ಚೀಟಿಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಎಷ್ಟು ಒಳಗೆ ಹೋಗಿದೆ ಎಂದು ಡಾಕ್ಟರು ಲೆಕ್ಕ ಹಾಕುವುದು ಅವುಗಳಿಂದಲೇ.